ಸುರಪುರದ ವೆಂಕಟಪ್ಪ ನಾಯಕನೂ ಆಂಗ್ಲರ ಕ್ಷಮಾದಾನವೂ

ದಂಡಿಸುವುದೂ ಕ್ಷಮಿಸುವುದೂ ಪ್ರಭುಧರ್ಮದ ಎರಡು ಅಂಗಗಳೆಂದು ನೀತಿಜ್ಞರು ಹೇಳುವರು. ಆದರೆ ಕ್ಷಮಿಸುವವನು ದಯೆಯನ್ನು ಅಳೆಯುವ ಮಾನವೇ ಬೇರೆ, ಕ್ಷಮೆಗೆ ಪಾತ್ರನಾದವನ ಮಾನವೇ ಬೇರೆಯಾಗಿರುವುದುಂಟು. 1858ರಲ್ಲಿ ನಡೆದ ಸುರಪುರದ ಅರಸನ ವಿಚಾರಣೆಯು ಇದಕ್ಕೆ ನಿದರ್ಶನವಾಗಿದೆ.

ಹುಣಸಗಿಯ ಸೀಮೆಯನ್ನೊಳಗೊಂಡ ಸುರಪುರ ಸಂಸ್ಥಾನವು ಬೇಡನಾಯಕರ ವೀರಮನೆತನದ್ದು. 1705ರಲ್ಲಿ ಇವರ ವಾಗಿನಗೇರಿ ಕೋಟೆಯನ್ನು ಹಿಡಿಯಲು ವೃದ್ಧನಾದ ಔರಂಗಜೇಬ ಬಾದಶಹನೇ ಬಂದು ಬೀಡುಬಿಡಬೇಕಾಯಿತು. ಈ ಕುಲದಲ್ಲಿ ಹುಟ್ಟಿದ ರಾಜಾ ವೆಂಕಟಪ್ಪ ನಾಯಕನು ಎಳೆತನದಲ್ಲಿಯೇ ಪಿತೃವಿಯೋಗವನ್ನು ಹೊಂದಲು, ಸಂಸ್ಥಾನದ ಮೇಲ್ವಿಚಾರಣೆಯು ಮೆಡೋಸ್ ಟೇಲರನೆಂಬ ಆಂಗ್ಲ ಅಧಿಕಾರಿಯ ಕೈಸೇರಿತು. ಹುಣಸಗಿಯ ಸಮೀಪದ ರಾಜನಕೋಳೂರಿನ ಪ್ರಾಚೀನ ಶಿಲಾಸಮಾಧಿಗಳನ್ನು ವಿದ್ವಾಂಸರ ಗಮನಕ್ಕೆ ತಂದವನೂ ಈತನೇ. ಬಾಲರಾಜನು ಇವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. 1853ರಲ್ಲಿ ಟೇಲರನು ರಾಜ್ಯವನ್ನು ತರುಣ ಅರಸನಿಗೆ ಒಪ್ಪಿಸಿ ತೆರಳಿದನು.

1857ರ ದಂಗೆಯ ಕಾವು ದಕ್ಷಿಣಕ್ಕೂ ಹಬ್ಬಿತು. 1858ರ ಫೆಬ್ರವರಿಯಲ್ಲಿ ಆಂಗ್ಲರ ಸೇನೆಯು ಸುರಪುರದ ಮೇಲೆ ಬರಲು ಯುದ್ಧವಾಯಿತು. ನ್ಯೂಬೆರಿಯೆಂಬ ಸೇನಾನಿಯು ಮಡಿದನು. ಅರಸನು ಹೈದರಾಬಾದಿಗೆ ಹೋಗಲು, ಅಲ್ಲಿ ಸೆರೆಸಿಕ್ಕಿ, ನಿಜಾಮನ ಮಂತ್ರಿ ಸಾಲಾರಜಂಗನ ಮೂಲಕ ಆಂಗ್ಲರ ವಶವಾದನು. ಸಿಕಂದರಾಬಾದಿನ ಸೇನಾ ನ್ಯಾಯಸಭೆಯು ಮರಣದಂಡನೆಯನ್ನು ವಿಧಿಸಿತು.

ಸೆರೆಮನೆಯಲ್ಲಿ ಟೇಲರನು ತನ್ನ ಹಿಂದಿನ ಶಿಷ್ಯನನ್ನು ಕಂಡನು. ಪ್ರೇರಕರ ಹೆಸರುಗಳನ್ನು ಹೇಳಿದರೆ ಹಿತವಾದೀತೆಂಬ ಸೂಚನೆಯಿತ್ತು. ಅರಸನು ಒಪ್ಪಲಿಲ್ಲ, ಅನ್ಯರನ್ನು ಹಿಡಿದುಕೊಟ್ಟು ಹೇಡಿಯಂತೆ ಬದುಕುವುದು ಅವನಿಗೆ ಬೇಡವಾಗಿತ್ತು. ಕಳ್ಳನಂತೆ ಗಲ್ಲಿಗೇರಿಸದೆ ತೋಪಿನ ಬಾಯಿಗೆ ಕಟ್ಟಬೇಕೆಂಬುದೇ ಅವನ ಯಾಚನೆ. ಸೆರೆಯೂ ಕರಿನೀರೂ ಮರಣಕ್ಕಿಂತ ಘೋರವೆಂದೂ, ಸಾಮಾನ್ಯ ಬೇಡನೂ ಸೆರೆಮನೆಯಲ್ಲಿ ಜೀವಿಸಲಾರನೆಂದೂ ಅವನು ಸ್ಪಷ್ಟವಾಗಿ ತಿಳಿಸಿದನು.

ರೆಸಿಡೆಂಟನಾದ ಡೇವಿಡ್‌ಸನ್ನನು ಮರಣದಂಡನೆಯನ್ನು ಆಜೀವ ದ್ವೀಪಾಂತರವಾಗಿ ಮಾರ್ಪಡಿಸಿದನು. ಗವರ್ನರ್ ಜನರಲ್ ಕ್ಯಾನಿಂಗನು ಅದನ್ನೂ ಇಳಿಸಿ, ಮದರಾಸಿನ ಸಮೀಪದ ಚೆಂಗಲಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಯನ್ನು ಗೊತ್ತುಪಡಿಸಿದನು. ನಡತೆ ಯೋಗ್ಯವಾಗಿದ್ದಲ್ಲಿ ಸಂಸ್ಥಾನವು ಮರಳಿ ದೊರೆಯುವ ಆಶೆಯೂ ಇತ್ತು. ದಂಗೆಯ ಕಾಲದಲ್ಲಿ ಇದು ಅಪೂರ್ವವಾದ ಔದಾರ್ಯವೇ ಸರಿ. ಆದರೂ ಅರಸನು ಮರಣಕ್ಕಿಂತ ಯಾವುದಕ್ಕೆ ಹೆಚ್ಚು ಹೇಸಿದ್ದನೋ ಅದೇ ಕೃಪೆಯ ರೂಪದಲ್ಲಿ ಬಂದಿತು.

ಸಿಕಂದರಾಬಾದಿನಿಂದ ಹೊರಟ ಮೊದಲ ಬೀಡಿನಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅರಸನು ಪ್ರಾಣಬಿಟ್ಟನು. ಅದು ಅವನ ಸ್ವೇಚ್ಛೆಯೋ ಆಕಸ್ಮಿಕವೋ ಎಂಬುದನ್ನು ಟೇಲರನೇ ನಿರ್ಣಯಿಸಲಿಲ್ಲ. ಆಗ ಅರಸನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ.

1860ರಲ್ಲಿ ಆಂಗ್ಲರು ಸುರಪುರವನ್ನು ನಿಜಾಮನಿಗೆ ಕೊಟ್ಟರು. ಮರಳಿಸುವೆವೆಂದ ರಾಜ್ಯವು ಹೀಗೆ ಮಿತ್ರನಿಗಿತ್ತ ಪಾರಿತೋಷಕವಾಯಿತು. ಜೀವವನ್ನು ಉಳಿಸಿದೆವೆಂದು ಆಳುವವರು ಬಗೆದರು. ಅರಸನಾದರೋ ಮಾನವನ್ನೇ ಜೀವವೆಂದು ಬಗೆದಿದ್ದನು. ಪಾತ್ರನ ಮನಸ್ಸನ್ನರಿಯದ ದಯೆಯು ದಂಡನೆಯ ಇನ್ನೊಂದು ಹೆಸರೆಂಬುದನ್ನು ಸುರಪುರದ ಈ ವೃತ್ತಾಂತವು ತಿಳಿಸುತ್ತದೆ.