ಪಾಸ್ಖ ಹಬ್ಬದ ಊಟ

ಅರಸರ ಚರಿತ್ರೆಯನ್ನು ಶಿಲಾಶಾಸನಗಳು ಹೇಳುವುವು. ಮನೆತನಗಳ ಚರಿತ್ರೆಯನ್ನು ಅಡಿಗೆಮನೆಯೇ ಹೇಳಬೇಕು. ಅಜಿಲರ ಸೀಮೆಯಾಗಿದ್ದ ಅಳದಂಗಡಿಯ ಸುತ್ತಣ ಕೊಂಕಣಿ ಕ್ರೈಸ್ತರ ಪಾಸ್ಖ, ಎಂದರೆ ಈಸ್ಟರ್, ಹಬ್ಬದ ಊಟವೇ ಇದಕ್ಕೆ ನಿದರ್ಶನ.

ಈ ಜನರ ಪೂರ್ವಿಕರಲ್ಲಿ ಹೆಚ್ಚಿನವರು ಗೋವೆಯಿಂದ ಬಂದವರು. ಉಪ್ಪಿಲ್ಲದೆ ಅನ್ನ ಬೇಯಿಸುವುದು ಹಿಂದೂ ಆಚಾರವೆಂದು ಅಲ್ಲಿಯ ಧರ್ಮವಿಚಾರಣಾಸಭೆಯು 1736ರಲ್ಲಿ ಅದನ್ನು ನಿಷೇಧಿಸಿತ್ತು. ತುಳುನಾಡಿನಲ್ಲಿಯೂ ನೆಮ್ಮದಿ ಶಾಶ್ವತವಾಗಲಿಲ್ಲ. 1784ರ ಬೂದಿ ಬುಧವಾರದಂದು, ಪಾಸ್ಖಕ್ಕೆ ಮುಂಚಿನ ನಾಲ್ವತ್ತು ದಿನಗಳ ಉಪವಾಸವು ಮೊದಲಾಗುವ ದಿನವೇ, ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರು ಸೆರೆಯಾದರೆಂದು ಪರಂಪರೆ ಹೇಳುತ್ತದೆ. ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟವರಲ್ಲಿ ಅನೇಕರು ಮರಳಲಿಲ್ಲ. ಬದುಕಿ ಉಳಿದ ಬಹುಮಂದಿ ಊರು ಕಂಡುದು 1799ರ ತರುವಾಯ.

ಇದನ್ನು ನೆನೆದರೆ, ಹಬ್ಬದ ದಿನ ಕುಟುಂಬವೆಲ್ಲ ಒಂದೇ ಪಂಕ್ತಿಯಲ್ಲಿ ಕೂಡಬೇಕೆಂಬ ಹಿರಿಯರ ಹಟವು ಬರಿಯ ನಾಲಗೆಯ ಚಾಪಲ್ಯವೆನಿಸದು. ಆದರೆ ಅಕ್ಕಿ ಅರೆದು ಕಳ್ಳು ಬೆರೆಸಿ ಹುದುಗಿಸಿದ ಸಾನ್ನ, ಬಾಫಾತಿನ ಮಸಾಲೆಯ ಹಂದಿಮಾಂಸ, ಇವುಗಳ ದುಡಿಮೆಯೆಲ್ಲ ಬೀಳುವುದು ಸೊಸೆಯಂದಿರ ಮೇಲೆ; ಅವರಿಗೆ ತವರಿನ ಕರೆಯೂ ಆ ದಿನವೇ. ಅಗಲಿಕೆಯನ್ನು ಉಂಡವರ ಸಂತತಿಗೆ ಕೂಡಿ ಉಣ್ಣುವುದು ಭಾಗ್ಯವೇ ಸರಿ. ಆ ಭಾಗ್ಯದೊಡನೆ ಅದರ ಹೊರೆಯನ್ನೂ ಹಂಚಿಕೊಳ್ಳುವುದು ಪೂರ್ವಿಕರಿಗೆ ಸಲ್ಲಿಸುವ ಗೌರವ.