ತಾಳವಾಡಿ ಸೀಮೆಯ ಸಿನಿಮಾ ಮಾತು: ಎರಡು ಭಾಷೆಯ ಪ್ರೇಕ್ಷಕರ ಚರಿತ್ರೆ

ಕನ್ನಡ ಚಲನಚಿತ್ರದ ಚರಿತ್ರೆಯಲ್ಲಿ ನಿರ್ಮಾಪಕ, ನಿರ್ದೇಶಕ, ನಟರಿಗೆ ದೊರೆತಷ್ಟು ಸ್ಥಳ ಪ್ರೇಕ್ಷಕರಿಗೆ ದೊರೆತಿಲ್ಲ. ದೊರೆತಾಗಲೂ ಅಭಿಮಾನಿ ಸಂಘ, ಶತದಿನೋತ್ಸವ, ಕಟೌಟು, ಮೆರವಣಿಗೆಗಳೇ ಮುಂದೆ ನಿಂತಿವೆ. ಆಟ ಮುಗಿದ ಮೇಲೆ ಊರಿನ ದಾರಿಯಲ್ಲಿ, ಮರುದಿನ ಟೀ ಅಂಗಡಿಯ ಬೆಂಚಿನ ಮೇಲೆ, ಹೊಲದ ಬದುವಿನಲ್ಲಿ, ನೋಡಿದ ಚಿತ್ರ ಹೇಗಿತ್ತೆಂದು ಜನ ಆಡಿಕೊಂಡ ಮಾತು ಆಕರವೆಂದು ಪರಿಗಣಿತವಾದದ್ದು ಕಡಮೆ. ಭಾಷೆಯ ಗಡಿಯಲ್ಲಿರುವ ಸಮುದಾಯಗಳ ಮಟ್ಟಿಗೆ ಈ ಮಾತಿಗೆ ಬೇರೆಯದೇ ಆದ ತೂಕವಿದೆ. ಕಚೇರಿಯ ಭಾಷೆ ಒಂದಾಗಿ, ಮನೆಯ ಭಾಷೆ ಮತ್ತೊಂದಾದ ಊರಿನಲ್ಲಿ ಜನ ಯಾವ ಭಾಷೆಯಲ್ಲಿ ವಾದಿಸುತ್ತಾರೆ, ಮೆಚ್ಚುತ್ತಾರೆ, ತಿರಸ್ಕರಿಸುತ್ತಾರೆ ಎಂಬುದು ಆ ಭಾಷೆಯ ಬಾಳಿಕೆಯ ಪ್ರಶ್ನೆಯೇ ಆಗಿದೆ. ಈರೋಡು ಜಿಲ್ಲೆಯ ತಾಳವಾಡಿ ಸೀಮೆ ಇದಕ್ಕೆ ತಕ್ಕ ನಿದರ್ಶನ.

ಗಡಿ ಹಾದ ಬಗೆ

ತಾಳವಾಡಿಯ ಪ್ರಸ್ಥಭೂಮಿ ಆಡಳಿತದಲ್ಲಿ ತಮಿಳುನಾಡಿನದು. ಭೂಗೋಳದಲ್ಲಿ ಮೈಸೂರು ಕಡೆಯ ಬಯಲಿಗೆ ಅಂಟಿಕೊಂಡದ್ದು. ಸತ್ಯಮಂಗಲಕ್ಕೆ ಇಳಿಯಬೇಕಾದರೆ ಕಾಡಿನ ನಡುವೆ 27 ತಿರುವುಗಳ ದಿಂಬಂ ಘಾಟಿಯನ್ನು ದಾಟಬೇಕು; ಚಾಮರಾಜನಗರಕ್ಕೆ ಅಂಥ ಅಡ್ಡಿಯಿಲ್ಲ, ದೂರವೂ ಕಡಮೆ. ಮದ್ರಾಸ್ ಪ್ರಾಂತದ ಕಾಲದಲ್ಲಿ ತಾಳವಾಡಿಯೂ ಕೊಳ್ಳೇಗಾಲವೂ ಒಂದೇ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಗೊಂಡಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದ್ರಾಸು ರಾಜ್ಯದಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರಿನಿಂದ ಬೇರ್ಪಟ್ಟ ಹೊಸ ಜಿಲ್ಲೆಗೆ, ಇಂದಿನ ಈರೋಡಿಗೆ, ಅದು ಸೇರಿತು.

ಈ ಗೆರೆ ಒಂದು ಕುಟುಂಬದ ನಡುವೆಯೂ ಹಾದುಹೋಯಿತು. ರಂಗನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹೆಸರಿನಲ್ಲಿರುವ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು. ಅವರ ಮಗ ಮುತ್ತುರಾಜು 1929ರ ಏಪ್ರಿಲ್ 24ರಂದು ಹುಟ್ಟಿದ ದೊಡ್ಡಗಾಜನೂರು ತಾಳವಾಡಿಯ ಕಡೆಯದು. ಮುತ್ತುರಾಜು ಮುಂದೆ ರಾಜ್‌ಕುಮಾರ್ ಎಂದು ಹೆಸರಾದರು. 1954ರಲ್ಲಿ ‘ಬೇಡರ ಕಣ್ಣಪ್ಪ’ ತೆರೆಗೆ ಬಂದಾಗ ತಂದೆಯ ಊರೂ ಮಗನ ಹುಟ್ಟೂರೂ ಒಂದೇ ಜಿಲ್ಲೆಯಲ್ಲಿದ್ದವು. ಎರಡು ವರ್ಷಗಳ ನಂತರ ಕನ್ನಡದ ಅತ್ಯಂತ ಜನಪ್ರಿಯ ನಟನಾಗಲಿದ್ದವನ ಹುಟ್ಟೂರು ಕನ್ನಡ ರಾಜ್ಯದ ಹೊರಗೆ ಉಳಿಯಿತು.

ನಾಟಕದಿಂದ ಟೆಂಟಿಗೆ

ಈ ಭಾಗದ ಸಿನಿಮಾ ಮಾತಿಗೆ ಪೂರ್ವರೂಪವಾಗಿ ಕಂಪನಿ ನಾಟಕವಿದೆ. ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯ ನಟರು; ಮಗನ ಶಾಲೆಯ ಓದು ಪ್ರಾಥಮಿಕ ಹಂತದಲ್ಲೇ ನಿಂತು, ಉಳಿದ ವಿದ್ಯೆ ರಂಗದ ಮೇಲೆ ನಡೆಯಿತು. ಕಂಪನಿ ನಾಟಕದಲ್ಲಿ ಪ್ರೇಕ್ಷಕನ ಅಭಿಪ್ರಾಯಕ್ಕೆ ನೇರವಾದ ಅಧಿಕಾರವಿತ್ತು. ಹಾಡು ಮೆಚ್ಚಿಗೆಯಾದರೆ ‘ಒನ್ಸ್ ಮೋರ್’ ಎಂದು ಕೂಗಿದರೆ ಸಾಕು, ನಟ ಮತ್ತೆ ಹಾಡುತ್ತಿದ್ದ. ಹಾಸ್ಯ ಹಿಡಿಸಿದರೆ ಪ್ರಸಂಗ ಬೆಳೆಯುತ್ತಿತ್ತು. ಸಿನಿಮಾ ಈ ಅಧಿಕಾರವನ್ನು ಕಿತ್ತುಕೊಂಡಿತು. ಎಷ್ಟು ಕೂಗಿದರೂ ರೀಲು ತನ್ನ ಪಾಡಿಗೆ ಸುತ್ತುತ್ತಿತ್ತು. ಆಟವನ್ನು ಬದಲಿಸಲಾಗದ ಮೆಚ್ಚುಗೆ, ಮುನಿಸುಗಳು ಆಟದ ಹೊರಗೆ ಮಾತಾಗಿ ಹರಿಯಬೇಕಾಯಿತು.

ಆ ಮಾತಿಗೆ ಟೆಂಟ್ ಸಿನಿಮಾ ಎಡೆ ಮಾಡಿಕೊಟ್ಟಿತು. ಈ ಸೀಮೆ ಅಂದು ಸೇರಿದ್ದ ಕೊಯಮತ್ತೂರು ಜಿಲ್ಲೆಗೆ ಸಂಚಾರಿ ಸಿನಿಮಾದ ಚರಿತ್ರೆಯಲ್ಲಿ ಮೊದಲ ಸಾಲಿನ ಸ್ಥಾನವಿದೆ. 1905ರಲ್ಲಿ ಪ್ರೊಜೆಕ್ಟರ್ ಕೊಂಡು ಊರೂರು ಸುತ್ತಿದ ಸಾಮಿಕಣ್ಣು ವಿನ್ಸೆಂಟ್ ನೆಲೆ ನಿಂತು 1914ರಲ್ಲಿ ವೆರೈಟಿ ಹಾಲ್ ಕಟ್ಟಿಸಿದ್ದು ಕೊಯಮತ್ತೂರಿನಲ್ಲಿಯೇ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಮೈಸೂರು, ಮದ್ರಾಸು ಎರಡೂ ಕಡೆಯ ಗ್ರಾಮಾಂತರದಲ್ಲಿ ಸಿನಿಮಾ ಎಂದರೆ ಬಹುಮಟ್ಟಿಗೆ ಟೂರಿಂಗ್ ಟಾಕೀಸು: ನೆಲ, ಬೆಂಚು, ಕುರ್ಚಿ ಎಂಬ ಮೂರು ದರ್ಜೆ, ಹೊತ್ತು ಮುಳುಗಿದ ಮೇಲೆ ಎರಡು ಆಟ. ಒಂದೇ ಪ್ರೊಜೆಕ್ಟರ್ ಇದ್ದ ಟೆಂಟುಗಳಲ್ಲಿ ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ದೀಪ ಹತ್ತಿದೊಡನೆ ಮಾತು ಏಳುತ್ತಿತ್ತು: ಮುಂದೇನಾದೀತು, ಅವನು ಹಾಗೆ ಮಾಡಿದ್ದು ಸರಿಯೇ, ಅವಳು ಸುಮ್ಮನಿದ್ದದ್ದೇಕೆ. ಇಂದಿನ ಪ್ರೇಕ್ಷಕ ಚಿತ್ರ ಮುಗಿದ ಮೇಲೆ ಆಡುವ ಮಾತನ್ನು ಅಂದಿನವರು ಚಿತ್ರದ ನಡುನಡುವೆಯೇ ಆಡುತ್ತಿದ್ದರು.

ಹೊಸ ಚಿತ್ರದ ಪ್ರತಿ ಪಟ್ಟಣಗಳಲ್ಲಿ ಓಡಿ ಸವೆದ ಮೇಲಷ್ಟೇ ಹಳ್ಳಿಯ ಕಡೆಗೆ ಬರುತ್ತಿತ್ತು. ಹೀಗಾಗಿ ಅಭಿಪ್ರಾಯ ಚಿತ್ರಕ್ಕಿಂತ ಮುಂಚೆ ಊರು ಸೇರುತ್ತಿತ್ತು. ಸಂತೆಗೋ ಆಸ್ಪತ್ರೆಗೋ ನೆಂಟರ ಮನೆಗೋ ಪಟ್ಟಣಕ್ಕೆ ಹೋಗಿ ಚಿತ್ರ ನೋಡಿ ಬಂದವರು ಅದನ್ನು ಕಥೆ ಮಾಡಿ ಹೇಳುತ್ತಿದ್ದರು. ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಕಥಾಸಾರವನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದುದನ್ನು ತೆರೆಯ ಮೇಲೆ ನೋಡಿರೆಂದು ಮುಗಿಸುತ್ತಿತ್ತು. ನೋಡಿ ಬಂದವರ ಬಾಯಿ ಆ ಉಳಿದರ್ಧವನ್ನು ತುಂಬುತ್ತಿತ್ತು. ಮದ್ರಾಸಿನಿಂದ ಹೊರಡುತ್ತಿದ್ದ ‘ವಿಜಯಚಿತ್ರ’, ಮಣಿಪಾಲದ ‘ರೂಪತಾರಾ’ ಮೊದಲಾದ ಪತ್ರಿಕೆಗಳು ಓದಬಲ್ಲವರಿಗೆ ಚಿತ್ರರಂಗದ ಸುದ್ದಿ ತಲುಪಿಸುತ್ತಿದ್ದವು. ಓದು ಬಾರದವರ ಸಂಖ್ಯೆ ದೊಡ್ಡದಾಗಿದ್ದ ಕಾಲದಲ್ಲಿ ವಿಮರ್ಶೆಯ ಭಾರವನ್ನು ಹೊತ್ತದ್ದು ಬಾಯಿಮಾತೇ.

ಎರಡು ತೆರೆ, ಒಂದು ಕಥೆ

ತಾಳವಾಡಿಯ ಪ್ರೇಕ್ಷಕನಿಗೂ ಚಾಮರಾಜನಗರದ ಪ್ರೇಕ್ಷಕನಿಗೂ ನಡುವಣ ವ್ಯತ್ಯಾಸ ಇಲ್ಲಿಂದ ತೊಡಗುತ್ತದೆ. ಚಿತ್ರದ ಹಂಚಿಕೆ ಹಕ್ಕುಗಳು ಪ್ರಾಂತವಾರು ಮಾರಾಟವಾಗುವಂಥವು. ಹಂಚಿಕೆದಾರರ ಲೆಕ್ಕದಲ್ಲಿ ಈರೋಡು ‘ಕೊಯಮತ್ತೂರು ಏರಿಯಾ’ಕ್ಕೆ ಸೇರಿದ್ದು, ಕನ್ನಡ ಚಿತ್ರದ ಮಾರುಕಟ್ಟೆ ಗಡಿಯಾಚೆಯ ಮೈಸೂರು ಸೀಮೆಯದು. ತಮಿಳು ಚಿತ್ರ ವ್ಯವಹಾರದ ಹಾದಿಯಲ್ಲಿ ತಾನೇ ಬರುತ್ತಿತ್ತು. ಕನ್ನಡ ಚಿತ್ರವನ್ನು ಜನ ಹುಡುಕಿಕೊಂಡು ಗಡಿ ದಾಟಿ ಹೋಗಬೇಕಿತ್ತು. ಹಾಗೆ ಹೋಗಿ ಕೊಟ್ಟ ಟಿಕೇಟಿನ ಹಣ ಚಾಮರಾಜನಗರದ ಗಳಿಕೆಯಾಗಿ ದಾಖಲಾಯಿತು. ತಮಿಳುನಾಡಿನ ಕನ್ನಡ ಪ್ರೇಕ್ಷಕ ಎಂಬ ವರ್ಗವೇ ಉದ್ಯಮದ ಲೆಕ್ಕಕ್ಕೆ ಸಿಗಲಿಲ್ಲ. ಆದರೆ ಆ ಕಾಲದ ಕನ್ನಡ ಚಿತ್ರಗಳು ತಯಾರಾಗುತ್ತಿದ್ದದ್ದು ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲಿ. ತನ್ನದೇ ರಾಜ್ಯದ ರಾಜಧಾನಿಯಲ್ಲಿ ತಯಾರಾದ ಕನ್ನಡ ಚಿತ್ರವನ್ನು ನೋಡಲು ತಾಳವಾಡಿಯವನು ಪಕ್ಕದ ರಾಜ್ಯಕ್ಕೆ ಹೋಗಬೇಕಿತ್ತು.

ಎರಡೂ ಭಾಷೆ ಬಲ್ಲ, ಎರಡೂ ತೆರೆ ಕಂಡ ಈ ಪ್ರೇಕ್ಷಕನಿಗೆ ಹೋಲಿಕೆ ಸಹಜವಾಗಿ ಒದಗಿಬಂದ ವಿಮರ್ಶಾಮಾರ್ಗ. 1971ರ ‘ಕಸ್ತೂರಿ ನಿವಾಸ’ವನ್ನು ತೆಗೆದುಕೊಳ್ಳಬಹುದು. ಕೊಡುಗೈಯ ಶ್ರೀಮಂತನೊಬ್ಬ ಎಲ್ಲವನ್ನೂ ಕಳೆದುಕೊಂಡು, ಕಡೆಗೆ ಕೇಳಿ ಬಂದವರಿಗೆ ಕೊಡಲು ಏನೂ ಉಳಿಯದ ಸ್ಥಿತಿಗೆ ಬರುವ ಕಥೆ ಇದು. ಬರೆದವರು ತಮಿಳು ಚಿತ್ರರಂಗದ ಜಿ. ಬಾಲಸುಬ್ರಹ್ಮಣ್ಯಂ, ನಿರ್ದೇಶಿಸಿದವರು ದೊರೈ-ಭಗವಾನ್. ಕನ್ನಡದಲ್ಲಿ ರಾಜ್‌ಕುಮಾರ್ ಮಾಡಿದ ಆ ಪಾತ್ರವನ್ನು 1975ರ ‘ಅವನ್‌ದಾನ್ ಮನಿದನ್’ ಚಿತ್ರದಲ್ಲಿ ಶಿವಾಜಿ ಗಣೇಶನ್ ಮಾಡಿದರು. ಒಂದನ್ನಷ್ಟೇ ನೋಡಿದವನು ಚಿತ್ರ ಚೆನ್ನಾಗಿದೆ, ಇಲ್ಲ ಎಂದಷ್ಟೇ ಹೇಳಬಲ್ಲ. ಎರಡನ್ನೂ ನೋಡಿದವನು, ಅದೇ ದುಃಖವನ್ನು ಒಬ್ಬ ನಟ ಒಳಗೆ ಹಿಡಿದು ತೋರಿಸುವುದೂ ಮತ್ತೊಬ್ಬ ಹೊರಗೆ ತುಂಬಿ ಹರಿಸುವುದೂ ಹೇಗೆ ಬೇರೆ ಬೇರೆ ಎಂದು ವಾದಿಸಬಲ್ಲ. ವಿಶ್ವವಿದ್ಯಾನಿಲಯದಲ್ಲಿ ತೌಲನಿಕ ಅಧ್ಯಯನವೆಂದು ಕರೆಸಿಕೊಳ್ಳುವ ಕೆಲಸ ಇಲ್ಲಿ ನೋಟದ ಅಭ್ಯಾಸದಿಂದಲೇ ಹುಟ್ಟುವಂಥದು.

ಪಟ್ಟಿ ಇಲ್ಲಿಗೆ ನಿಲ್ಲುವುದಿಲ್ಲ. ‘ಪ್ರೇಮದ ಕಾಣಿಕೆ’ 1980ರಲ್ಲಿ ‘ಪೊಲ್ಲಾದವನ್’ ಆಯಿತು; 1986ರ ‘ಅನುರಾಗ ಅರಳಿತು’ 1992ರಲ್ಲಿ ‘ಮನ್ನನ್’ ಆಯಿತು; ಎರಡರಲ್ಲಿಯೂ ರಾಜ್‌ಕುಮಾರ್ ಮಾಡಿದ್ದ ಪಾತ್ರ ರಜನೀಕಾಂತ್ ಪಾಲಿಗೆ ಬಂತು. ಎದುರು ದಿಕ್ಕಿನಲ್ಲಿ ‘ಚಿನ್ನ ತಂಬಿ’ 1991ರಲ್ಲೇ ‘ರಾಮಾಚಾರಿ’ಯಾಗಿ ರವಿಚಂದ್ರನ್ ಅವರಿಗೆ ಒಲಿಯಿತು. ಈ ಎರಡು ಲೋಕಗಳನ್ನು ಬೆಸೆದ ಮುಖಗಳೂ ಇದ್ದವು. ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್‌ಗೆ ಜೋಡಿಯಾದ ಪಂಢರಿಬಾಯಿ, ಅದಕ್ಕೂ ಎರಡು ವರ್ಷ ಮೊದಲು ‘ಪರಾಶಕ್ತಿ’ಯಲ್ಲಿ ಶಿವಾಜಿಗೆ ಜೋಡಿಯಾದವರು, ಮುಂದೆ ‘ಅನುರಾಗ ಅರಳಿತು’, ‘ಮನ್ನನ್’ ಎರಡರಲ್ಲಿಯೂ ನಾಯಕನ ತಾಯಿ. ಕನ್ನಡ ಪ್ರೇಕ್ಷಕನಿಗೆ ಆಕೆ ಕನ್ನಡದ ನಟಿ, ತಮಿಳು ಪ್ರೇಕ್ಷಕನಿಗೆ ತಮಿಳಿನ ನಟಿ. ಗಡಿಯ ಪ್ರೇಕ್ಷಕನಿಗೆ ಆಕೆ ಎರಡು ಮನೆಯ ಒಬ್ಬಳೇ ತಾಯಿ.

ಮೆಚ್ಚುಗೆಯ ರಾಜಕೀಯ

ತಮಿಳುನಾಡಿನಲ್ಲಿ ನಟನ ಮೇಲಣ ಒಲವು ಮತದ ಒಲವೂ ಆಗಿ ಬೆಳೆಯಿತು. ಎಂ.ಜಿ. ರಾಮಚಂದ್ರನ್ 1972ರಲ್ಲಿ ಪಕ್ಷ ಕಟ್ಟಿದಾಗ ಅಭಿಮಾನಿ ಮನ್ರಂಗಳು ಅದರ ಬುನಾದಿಯಾದವು. 1977ರಲ್ಲಿ ಅವರು ಮುಖ್ಯಮಂತ್ರಿಯಾದರು. ಅಲ್ಲಿ ಚಿತ್ರವೊಂದನ್ನು ಹೊಗಳುವುದೂ ತೆಗಳುವುದೂ ಯಾರ ಕಡೆಯವನೆಂದು ಹೇಳಿಕೊಂಡಂತೆ. ರಾಜ್‌ಕುಮಾರ್ ಚುನಾವಣೆಗೆ ನಿಲ್ಲಲೇ ಇಲ್ಲ. ಅವರ ಸುತ್ತ ನೆರೆದ ಅಭಿಮಾನ 1982ರ ಗೋಕಾಕ್ ಚಳವಳಿಯಲ್ಲಿ ಭಾಷೆಯ ಬೇಡಿಕೆಯಾಗಿ ಹೊರಬಂತು. ತಾಳವಾಡಿಯ ಅಭಿಮಾನಿ ಈ ಎರಡೂ ಧಾರೆಗಳ ಅಂಚಿನಲ್ಲಿ ನಿಂತವನು. ಅವನ ಮತ ತಮಿಳುನಾಡಿನಲ್ಲಿತ್ತು. ರಾಜ್‌ಕುಮಾರ್ ಮೇಲಣ ಪ್ರೀತಿಗೆ ಅಲ್ಲಿ ಮತದ ಬೆಲೆಯಿರಲಿಲ್ಲ. ಗೋಕಾಕ್ ಚಳವಳಿ ಕೇಳಿದ್ದು ಕರ್ನಾಟಕದ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ. ಚಳವಳಿಯ ಮುಂಚೂಣಿಗೆ ಬಂದ ನಟನ ಹುಟ್ಟೂರಿನ ಶಾಲೆಗೆ ಅದು ಅನ್ವಯಿಸುವಂತಿರಲಿಲ್ಲ. ಇಲ್ಲಿನ ಮೆಚ್ಚುಗೆಗೆ ಸಂಘವಾಗಲಿ ಸರ್ಕಾರವಾಗಲಿ ಬೆನ್ನಿಗಿರಲಿಲ್ಲ. ಅದಕ್ಕಿದ್ದ ನೆಲೆ ಮಾತೊಂದೇ.

ನೂರೆಂಟು ದಿನ

2000ದ ಜುಲೈ 30ರ ರಾತ್ರಿ ವೀರಪ್ಪನ್ ದೊಡ್ಡಗಾಜನೂರಿನ ಮನೆಯಿಂದ ರಾಜ್‌ಕುಮಾರ್ ಅವರನ್ನೂ ಜೊತೆಯಲ್ಲಿದ್ದ ಮೂವರನ್ನೂ ಕಾಡಿಗೆ ಒಯ್ದನು. ಬಿಡುಗಡೆಯಾದದ್ದು 108 ದಿನಗಳ ಬಳಿಕ, ನವೆಂಬರ್ 15ರಂದು. ಅಪಹರಣಕಾರರ ಬೇಡಿಕೆಗಳಲ್ಲಿ ಕಾವೇರಿ ನೀರು, ಕರ್ನಾಟಕದಲ್ಲಿ ತಮಿಳಿಗೆ ಆಡಳಿತಭಾಷೆಯ ಸ್ಥಾನ, ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆಯ ಅನಾವರಣ ಸೇರಿದ್ದವು. ಕನ್ನಡ ಚಿತ್ರೋದ್ಯಮದ ಕೆಲಸ ಸ್ಥಗಿತಗೊಂಡಿತು. ಗಾಜನೂರು ಎಂಬ ಹೆಸರು ದಿನವೂ ಪತ್ರಿಕೆಗಳ ಮುಖಪುಟದಲ್ಲಿತ್ತು.

ಬೆಂಗಳೂರಿನಲ್ಲಿ ಕನ್ನಡ, ತಮಿಳು ಎದುರುಬದುರಾಗಿ ಕಂಡ ಆ ದಿನಗಳಲ್ಲಿ, ಎರಡೂ ಭಾಷೆಯ ಚಿತ್ರಗಳನ್ನು ಒಂದೇ ಉಸಿರಿನಲ್ಲಿ ಆಡಿಕೊಳ್ಳಬಲ್ಲ ಸೀಮೆ ಯಾವ ಕಡೆಗೂ ಪೂರ್ತಿಯಾಗಿ ಸೇರದಾಯಿತು. ವೀರಪ್ಪನ್ ಶೋಧದ ವರ್ಷಗಳಲ್ಲಿ ಕಾಡಂಚಿನ ಊರುಗಳ ರಾತ್ರಿಯ ಓಡಾಟವೇ ಅನುಮಾನಕ್ಕೆ ಕಾರಣವಾಗುತ್ತಿತ್ತು. ಎರಡನೇ ಆಟ ಮುಗಿಸಿ ನಡೆದು ಬರುವ ಹಾದಿ ಮೊದಲಿನಷ್ಟು ನಿಶ್ಚಿಂತೆಯದಾಗಿರಲಿಲ್ಲ. ಚಿತ್ರದ ಮಾತು ಭಯದ ಮಾತಿನ ಪಕ್ಕದಲ್ಲಿ ಕೂರಬೇಕಾಯಿತು. ಈ ಅಂಶವನ್ನು ಬಿಟ್ಟು ಬರೆದ ಅಪಹರಣದ ಚರಿತ್ರೆ ಎರಡು ಸರ್ಕಾರಗಳ ಸಂಧಾನದ ಚರಿತ್ರೆಯಾಗಿ ಮಾತ್ರ ಉಳಿದೀತು.

2006 ಮತ್ತು ಆನಂತರ

ಒಂದೇ ವರ್ಷದಲ್ಲಿ ಮೂರು ಘಟನೆಗಳು ಈ ಪರಂಪರೆಯ ದಿಕ್ಕನ್ನು ಬದಲಿಸಿದವು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡರು. ಅದೇ ವರ್ಷದ ತಮಿಳುನಾಡು ತಮಿಳು ಕಲಿಕಾ ಕಾಯ್ದೆ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯ ಭಾಷೆಯಾಗಿಸಿತು. ಅದೇ ವರ್ಷ ಆ ಸರ್ಕಾರ ಬಡಕುಟುಂಬಗಳಿಗೆ ಉಚಿತ ಬಣ್ಣದ ಟಿ.ವಿ. ಹಂಚಲು ತೊಡಗಿತು. ಒಂದೇ ಸಂಸ್ಥೆಯ ಸನ್ ಟಿ.ವಿ. 1993ರಿಂದ, ಉದಯ ಟಿ.ವಿ. 1994ರಿಂದ ಪ್ರಸಾರದಲ್ಲಿದ್ದವು. ಟಿ.ವಿ. ಬಂದ ಮನೆಯಲ್ಲಿ ಗಡಿ ದಾಟದೆಯೇ ಕನ್ನಡ ಚಿತ್ರ ನೋಡಬಹುದಾಯಿತು. ಟೆಂಟಿನಲ್ಲಿ ಊರು ಕೂಡಿ ನೋಡುತ್ತಿದ್ದುದನ್ನು ಮನೆಯವರಷ್ಟೇ ನೋಡತೊಡಗಿದರು. ಟೀ ಅಂಗಡಿಯ ವಾದ ಜಗುಲಿಗೆ ಬಂತು. ಹೊರಗೆ ಗಂಡಸರದೇ ಮೇಲುಗೈಯಾಗಿದ್ದ ಮಾತಿಗೆ ಮನೆಯ ಹೆಂಗಸರ ತೀರ್ಪೂ ಸಮಬಲವಾಗಿ ಸೇರಲು ಅವಕಾಶವಾಯಿತು. ಇದನ್ನು ನಷ್ಟವೆಂದಷ್ಟೇ ಎಣಿಸುವುದು ಸರಿಯಲ್ಲ.

ಈಚಿನ ಬದಲಾವಣೆ ಡಬ್ಬಿಂಗಿನದು. ಕನ್ನಡದ ‘ಸತ್ಯ ಹರಿಶ್ಚಂದ್ರ’ವನ್ನು ಎ.ವಿ. ಮೆಯ್ಯಪ್ಪನ್ 1940ರ ದಶಕದಲ್ಲಿಯೇ ತಮಿಳಿಗೆ ಡಬ್ ಮಾಡಿದ್ದರು. ಪರಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗುವುದು ಅ.ನ.ಕೃ. ಮೊದಲಾದವರ ಹೋರಾಟದ ಫಲವಾಗಿ 1960ರ ದಶಕದಲ್ಲಿ ನಿಂತು, 2017ರ ಸುಮಾರಿಗೆ ಮತ್ತೆ ತೆರೆದುಕೊಂಡಿತು. 2022ರಲ್ಲಿ ‘ಕೆ.ಜಿ.ಎಫ್’ನ ಎರಡನೆಯ ಭಾಗವೂ ‘ಕಾಂತಾರ’ವೂ ತಮಿಳು ದನಿಯಲ್ಲಿ ತಮಿಳುನಾಡಿನ ಚಿತ್ರಮಂದಿರಗಳಿಗೆ ಬಂದವು. ಹಿಂದೆ ಕನ್ನಡ ಚಿತ್ರ ನೋಡಲು ಗಡಿ ದಾಟುತ್ತಿದ್ದವರ ಮೊಮ್ಮಕ್ಕಳು ಇಂದು ಕನ್ನಡ ಚಿತ್ರವನ್ನು ತಮ್ಮ ರಾಜ್ಯದಲ್ಲೇ ತಮಿಳಿನಲ್ಲಿ ನೋಡಬಲ್ಲರು. ಶಾಲೆಯಲ್ಲಿ ಓದಿದ ಭಾಷೆಯೂ ಅದೇ ಆಗಿರುವಾಗ, ನೋಡಿದ್ದನ್ನು ಕುರಿತು ಅವರು ಯಾವ ಭಾಷೆಯಲ್ಲಿ ಮಾತಾಡುವರು? ಹೊಗಳಲು, ಹಂಗಿಸಲು, ತಕರಾರು ತೆಗೆಯಲು ಬೇಕಾದ ನುಡಿಗಟ್ಟು ಪಠ್ಯಪುಸ್ತಕದಿಂದ ಬರುವಂಥದಲ್ಲ. ಆಡಿ ಆಡಿ ಉಳಿಯುವಂಥದು. ಆ ಮಾತು ಕನ್ನಡದಲ್ಲಿ ನಡೆಯುವವರೆಗೆ ತಾಳವಾಡಿಯ ಕನ್ನಡ ಮನೆವಾರ್ತೆಗಷ್ಟೇ ಸೀಮಿತವಾದ ನುಡಿಯಾಗದು. ತೀರ್ಪು ಕೊಡಬಲ್ಲ ನುಡಿಯಾಗಿರುತ್ತದೆ.

ಅಲ್ಪಸಂಖ್ಯಾತ ಭಾಷೆಗಳ ದಾಖಲೆಯಲ್ಲಿ ಜನಪದ ಗೀತೆ, ಗಾದೆ, ಒಗಟುಗಳಿಗೆ ಸಲ್ಲುವ ಗಮನ ಸಿನಿಮಾ ಮಾತಿಗೂ ಸಲ್ಲಬೇಕಾಗಿದೆ. ಟೆಂಟಿನ ನೆಲದ ಮೇಲೆ ಕೂತು ನೋಡಿದವರು, ‘ಕಸ್ತೂರಿ ನಿವಾಸ’ವನ್ನೂ ‘ಅವನ್‌ದಾನ್ ಮನಿದನ್’ಅನ್ನೂ ಬಿಡುಗಡೆಯ ಕಾಲದಲ್ಲೇ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. 1971ರಲ್ಲಿ ಹದಿನೈದರ ವಯಸ್ಸಿನಲ್ಲಿದ್ದವರು ಈಗ ಎಪ್ಪತ್ತರ ಆಸುಪಾಸಿನಲ್ಲಿರುವರು. ಅವರನ್ನು ಕೇಳಬೇಕಾದ ಪ್ರಶ್ನೆ ಸರಳವಾದದ್ದು: ಎರಡರಲ್ಲಿ ಯಾವುದು ಚೆನ್ನಾಗಿತ್ತು, ಏಕೆ? ಉತ್ತರವನ್ನು ಅವರಾಡುವ ಕನ್ನಡದಲ್ಲಿಯೇ, ಅದರೊಳಗೆ ಸೇರಿಬರುವ ತಮಿಳು ಮಾತುಗಳನ್ನು ತಿದ್ದದೆ, ಬರೆದುಕೊಳ್ಳಬೇಕು.