ನಂದವರಂ ವಿಳಾಸಕ್ಕೆ ಬಂದ ಕಾಗದ: ಒಂದು ಟಿಪ್ಪಣಿ

ಕನ್ನಡದಲ್ಲಿ ‘ಕಾಗದ’ ಎಂದರೆ ಬರೆಯುವ ಹಾಳೆಯೂ ಹೌದು, ಬರೆದು ಕಳಿಸಿದ ಪತ್ರವೂ ಹೌದು. ‘ಓಲೆ’ಯೂ ಹೀಗೆಯೇ, ತಾಳೆಗರಿಯ ಹೆಸರೇ ಪತ್ರಕ್ಕೂ ನಿಂತಿತು. ಪಾರಸಿಯಿಂದ ಬಂದ ‘ಕಾಗದ’ ಓಲೆಯ ಜಾಗಕ್ಕೆ ಬಂದಾಗ ಎರಡೂ ಅರ್ಥಗಳನ್ನು ಹೊತ್ತುಕೊಂಡಿತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಬಳಪದಲ್ಲಿ ಬರೆಯುತ್ತಿದ್ದ ‘ಕಡತ’ದ ಹೆಸರು ಮಾತ್ರ ಇಂದು ಕಚೇರಿಯ ಫೈಲಿಗೆ ಉಳಿದಿದೆ.

ಅಂಚೆ ಕಾರ್ಡು ಭಾರತದಲ್ಲಿ ಬಂದದ್ದು 1879ರ ಜುಲೈ 1ರಂದು, ಬೆಲೆ ಕಾಲಾಣೆ. ಇಂದಿನ ಕಾರ್ಡಿನ ಅಳತೆ 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ. ಇಷ್ಟು ಜಾಗದಲ್ಲಿ ಮರ್ಯಾದೆಯೂ ಇರಬೇಕು, ಸುದ್ದಿಯೂ ಇರಬೇಕು. ‘ಉಭಯ ಕುಶಲೋಪರಿ ಸಾಂಪ್ರತ’ ಎಂಬುದು ‘ಉ. ಕು. ಸಾಂಪ್ರತ’ ಆಯಿತು, ವಿಳಾಸದ ‘ಮಹಾರಾಜಶ್ರೀ’ ‘ಮ. ರಾ. ಶ್ರೀ’ಗೆ ಇಳಿಯಿತು, ಚಿರಂಜೀವಿಗೆ ‘ಚಿ.’, ಸೌಭಾಗ್ಯವತಿಗೆ ‘ಸೌ.’ ಸಾಕಾಯಿತು. ಕಾರ್ಡು ಬಿಚ್ಚುಕಾಗದ, ದಾರಿಯಲ್ಲಿ ಯಾರಾದರೂ ಓದಬಹುದು. ಮನೆಯೊಳಗಿನ ಮಾತು ಬರೆಯಲು ಮಡಚುವ ಕಾಗದವೇ ಬೇಕಿತ್ತು. 1950ರ ಅಕ್ಟೋಬರ್ 2ರಂದು ಬಂದ ಇನ್‌ಲ್ಯಾಂಡ್ ಲೆಟರ್ ಅದನ್ನು ಕಡಿಮೆ ಖರ್ಚಿನಲ್ಲಿ ಒದಗಿಸಿತು. ಅದರೊಳಗೆ ಬೇರೇನೂ ಇಡುವಂತಿಲ್ಲ. ಹಾಳೆ ಮುಗಿದರೆ ಉಳಿಯುವುದು ಅಂಟು ಹಚ್ಚುವ ಮಡಿಕೆ. ‘ದೊಡ್ಡವರಿಗೆ ನಮಸ್ಕಾರ, ಚಿಕ್ಕವರಿಗೆ ಆಶೀರ್ವಾದ’ ಅಲ್ಲಿ ಅಡ್ಡಡ್ಡ ಕೂರುತ್ತಿತ್ತು. ಅವಸರದಲ್ಲಿ ಹರಿದರೆ ಮೊದಲು ಹೋಗುವ ಸಾಲೂ ಅದೇ.

ಇನ್ನು ವಿಳಾಸ. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಹೋದವು. ಬಳ್ಳಾರಿ ಮೈಸೂರಿಗೆ ಬಂತು. ನೆಂಟರು ಎರಡು ರಾಜ್ಯಗಳವರಾದರು, ಕಾಗದದ ಬೆಲೆ ಮಾತ್ರ ಎರಡು ಕಡೆಯೂ ಒಂದೇ. ಹೀಗೆ ಆಂಧ್ರದ ಕಡೆ ಉಳಿದ ನಂದವರಂ ಎಂಬ ಊರಿಗೆ ಇನ್ನೊಂದು ತೊಡಕಿತ್ತು. ಆ ಹೆಸರಿನ ಊರುಗಳು ಎರಡು: ಒಂದು ಎಮ್ಮಿಗನೂರಿನ ಕಡೆಯದು, ಇನ್ನೊಂದು ಬನಗಾನಪಲ್ಲೆ ಬಳಿಯ ಚೌಡೇಶ್ವರಿ ಗುಡಿಯದು. 1953ರ ಬಳಿಕ, 2022ರ ಏಪ್ರಿಲ್‌ನಲ್ಲಿ ನಂದ್ಯಾಲ ಜಿಲ್ಲೆ ಆಗುವ ತನಕ, ಎರಡೂ ಕರ್ನೂಲು ಜಿಲ್ಲೆಯವೇ. ಊರು, ಜಿಲ್ಲೆ ಬರೆದರೆ ಸಾಲುತ್ತಿರಲಿಲ್ಲ, ‘ವಯಾ ಎಮ್ಮಿಗನೂರು’ ಎಂದು ಸೇರಿಸಬೇಕಿತ್ತು. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡಿನಲ್ಲೂ ಎರಡರ ಮೊದಲ ಮೂರಂಕಿ 518. ಊರನ್ನು ಬೇರ್ಪಡಿಸುವುದು ಕೊನೆಯ ಮೂರಂಕಿ. ಗಡಿಯಾಚೆಯ ರಾಯಚೂರಿಗೆ 584.

ಹೀಗಾಗಿ ಗಡಿನಾಡಿನ ಹಳೆಯ ಕಾಗದದಲ್ಲಿ ವಿಳಾಸದ ಬದಿಗೂ ಒಡಲಿನಷ್ಟೇ ಬೆಲೆಯಿದೆ. ವಿಳಾಸ ಯಾವ ಲಿಪಿಯಲ್ಲಿದೆ, ಒಳಗಿನ ಮಾತು ಯಾವ ಲಿಪಿಯಲ್ಲಿದೆ ಎಂಬುದು ಒಂದು ಮನೆತನದ ಭಾಷೆಯ ಚರಿತ್ರೆ. ಯಾವ ಜನಗಣತಿಯೂ ಅದನ್ನು ಇಷ್ಟು ಹತ್ತಿರದಿಂದ ಹೇಳದು. ನಿಮ್ಮ ಮನೆಯಲ್ಲಿ ತಂತಿಗೆ ಚುಚ್ಚಿಟ್ಟ ಕಾಗದಗಳಿದ್ದರೆ ನಿಧಾನವಾಗಿ ಬಿಡಿಸಿ, ಎರಡೂ ಬದಿಯ ಚಿತ್ರ ತೆಗೆದಿಡಿ. ಅಂಚೆಚೀಟಿಗಾಗಿ ಮೂಲೆ ಕತ್ತರಿಸಬೇಡಿ. ತಾರೀಖು ಇರುವುದು ಅದರ ಮೇಲಿನ ಮುದ್ರೆಯಲ್ಲಿ.